ಹೆಡ್ ಬದಲಿಸುವುದಿಲ್ಲ ಎಂದ ಬೇಸಿಗೆ

1987ನೇ ಇಸವಿಯ ಬೇಸಿಗೆ. ಮಧುಗಿರಿ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ನಾನು ಟಿ.ವಿ. ಮತ್ತು ವಿ.ಸಿ.ಆರ್. ರಿಪೇರಿ ಅಂಗಡಿ ತೆರೆದು ಎರಡನೇ ವರ್ಷ ನಡೆಯುತ್ತಿತ್ತು. ಹತ್ತಡಿ ಅಗಲದ ಮಳಿಗೆ, ಒಂದು ಉದ್ದನೆಯ ಮೇಜು, ಬೆಂಗಳೂರಿನಲ್ಲಿ ದುಡಿದು ಕೊಂಡಿದ್ದ ಒಂದು ಹಳೆಯ ಆಸಿಲೋಸ್ಕೋಪ್. ಬೋರ್ಡಿನಲ್ಲಿ ನನ್ನ ಹೆಸರಿನ ಪಕ್ಕ ಬಿ.ಎಸ್ಸಿ. ಎಂದು ಬರೆಯಲು ಹೇಳಿದ್ದೆ. ಪೇಂಟರ್ ಅದನ್ನು ಮೂಲೆಯಲ್ಲಿ ಸಣ್ಣದಾಗಿ ಬರೆದಿದ್ದ. ಅಳಿಸಿ, ಹೆಸರಿನಷ್ಟೇ ದೊಡ್ಡದಾಗಿ ಬರೆಸಿದೆ.

ನನ್ನ ಹೆಸರು ಜುಂಜಣ್ಣ. ಶಿರಾ ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯವನು. ಅಪ್ಪ ಕುರಿ ಕಾಯುತ್ತಿದ್ದ, ಅವರಪ್ಪನೂ ಅದನ್ನೇ ಮಾಡಿದ್ದ. ಹಟ್ಟಿಯಲ್ಲಿ ಹೈಸ್ಕೂಲು ದಾಟಿದ ಮೊದಲನೆಯವನು ನಾನು. ತುಮಕೂರಿನ ಹಾಸ್ಟೆಲಿನಲ್ಲಿದ್ದು ಭೌತಶಾಸ್ತ್ರ, ಗಣಿತ, ಎಲೆಕ್ಟ್ರಾನಿಕ್ಸ್ ಓದಿದೆ. ಇಂಗ್ಲಿಷಿನಲ್ಲಿ ಒಮ್ಮೆ ಫೇಲಾಗಿ, ಮತ್ತೆ ಕಟ್ಟಿ ಪಾಸಾದೆ. ಆಮೇಲೆ ಬೆಂಗಳೂರಿನ ಒಂದು ಸರ್ವಿಸ್ ಅಂಗಡಿಯಲ್ಲಿ ಕೆಲಸ ಕಲಿತು ಊರ ಕಡೆ ವಾಪಸ್ಸು ಬಂದೆ. ಡಿಗ್ರಿ ಮಾಡಿದವನು ಸ್ಕ್ರೂಡ್ರೈವರ್ ಹಿಡಿದು ಕೂತಿದ್ದಾನಲ್ಲ ಎಂದು ಮಧುಗಿರಿಯಲ್ಲಿ ಎಷ್ಟೋ ಜನ ನನ್ನ ಮುಂದೆಯೇ ಮರುಗುತ್ತಿದ್ದರು. ನನಗೆ ಆ ಮರುಕ ಬೇಕಿರಲಿಲ್ಲ. ಸರ್ಕಾರಿ ಕುರ್ಚಿ ಸಿಗದೆ ಇದಕ್ಕೆ ಬಂದವನಲ್ಲ ನಾನು, ಇದನ್ನೇ ಮಾಡಬೇಕೆಂದು ಬಂದವನು. ಹಾಗೆಂದರೆ ಯಾರೂ ನಂಬುತ್ತಿರಲಿಲ್ಲ. ನಂಬದಿದ್ದರೆ ಬಿಡಲಿ ಎಂದು ಸುಮ್ಮನಿದ್ದೆ.

ಆ ಕಾಲದಲ್ಲಿ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ, ಅಂದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದಲ್ಲಿ, ಮನೆಯಲ್ಲೇ ವಿ.ಸಿ.ಆರ್. ಇಟ್ಟುಕೊಂಡವರು ವಿರಳ. ಬಾಡಿಗೆಗೆ ಕೊಡುವವರು ಇದ್ದರು. ಕಲರ್ ಟಿ.ವಿ.ಯನ್ನೂ ವಿ.ಸಿ.ಆರ್. ಅನ್ನೂ ರಜಾಯಿಯಲ್ಲಿ ಸುತ್ತಿ, ಜೀಪಿನಲ್ಲೋ ಬಸ್ಸಿನಲ್ಲೋ ಹಳ್ಳಿಗೆ ಒಯ್ದು, ಶಾಲೆಯ ಮುಂದೆ ಅಥವಾ ಮದುವೆ ಮನೆಯ ಅಂಗಳದಲ್ಲಿ ಸಿನಿಮಾ ತೋರಿಸಿ ಬರುತ್ತಿದ್ದರು. ಆಗಷ್ಟೇ ಮದುವೆಗಳನ್ನು ವಿಡಿಯೋ ತೆಗೆಸುವ ಶೋಕಿಯೂ ಶುರುವಾಗಿತ್ತು. ಮದುವೆ ತಪ್ಪಿಸಿಕೊಂಡ ನೆಂಟರು ಕ್ಯಾಸೆಟ್ ತರಿಸಿಕೊಂಡು, ತಮ್ಮೂರಿನಲ್ಲಿ ಮಿಷಿನ್ ಬಾಡಿಗೆಗೆ ಹಿಡಿದು, ಊಟ ಹಾಕಿಸಿ, ಮದುವೆಯನ್ನು ಇನ್ನೊಮ್ಮೆ ನೋಡುತ್ತಿದ್ದರು.

ವಿ.ಸಿ.ಆರ್.ನ ಜೀವ ಇರುವುದು ಹೆಡ್ ಡ್ರಮ್ ಎಂಬ ಭಾಗದಲ್ಲಿ. ಹೊಳೆಯುವ ಲೋಹದ ಉರುಟು ಡಬ್ಬಿಯಂಥದ್ದು. ಅದರ ಅಂಚಿನಲ್ಲಿ ಎದುರು ಬದುರಾಗಿ ಸಾಸಿವೆಗಿಂತ ಚಿಕ್ಕದಾದ ಎರಡು ಹೆಡ್‌ಗಳು. ಡ್ರಮ್ ನಿಮಿಷಕ್ಕೆ ಸಾವಿರದ ಐನೂರು ಸುತ್ತು ತಿರುಗುತ್ತದೆ, ಅರ್ಧ ಅಂಗುಲದ ಟೇಪು ಅದನ್ನು ಸವರಿಕೊಂಡು ಹೋಗುತ್ತದೆ, ಹೆಡ್‌ಗಳು ಟೇಪಿನಿಂದ ಚಿತ್ರವನ್ನು ಓದುತ್ತವೆ. ಹೆಡ್ಡಿನ ತುದಿಯಲ್ಲಿ ಒಂದು ಸೀಳು ಇರುತ್ತದೆ. ನಮ್ಮ ತಲೆಗೂದಲಿನ ದಪ್ಪದ ನೂರನೆಯ ಒಂದು ಪಾಲಿಗಿಂತಲೂ ಕಿರಿದು. ಅಲ್ಲಿ ಧೂಳು ಕೂತರೆ ಚಿತ್ರ ಹೋಗಿ, ಪರದೆ ತುಂಬ ಉಪ್ಪು ಎರಚಿದಂತೆ ಬಿಳಿ ಚುಕ್ಕೆಗಳು ಕುಣಿಯುತ್ತವೆ. ಆದರೆ ಧ್ವನಿಯನ್ನು ಓದುವ ಹೆಡ್ ಬೇರೆ, ಅದು ತಿರುಗುವುದಿಲ್ಲ, ಅದರ ಸೀಳೂ ದೊಡ್ಡದು. ಹಾಗಾಗಿ ಚಿತ್ರ ಹೋಗಿ ಮಾತು ಸ್ಪಷ್ಟವಾಗಿ ಕೇಳುತ್ತಿದ್ದರೆ ಟೇಪು ಸರಿಯಾಗಿ ಓಡುತ್ತಿದೆ, ಕಾಯಿಲೆ ಡ್ರಮ್ಮಿನದು ಎಂದು ಅರ್ಥ. ಪರದೆಯ ಕೆಳಗೆ ಮಾತ್ರ ಪಟ್ಟಿ ಬಂದರೆ ಟೇಪಿಗೆ ದಾರಿ ತೋರುವ ಗೈಡ್ ಸರಿದಿದೆ. ಚಿತ್ರ ಇಡಿಯಾಗಿ ಬಳುಕಿದರೆ ಮೋಟಾರು. ಇಷ್ಟನ್ನು ನೋಡಿಯೇ ಅರ್ಧ ರೋಗ ಹೇಳಬಹುದು. ಉಳಿದರ್ಧಕ್ಕೆ ಮಿಷಿನ್ ಬಿಚ್ಚಬೇಕು.

ಹೆಡ್ ಕೊಳೆಯಾಗುವುದು ಬೇರೆ, ಸವೆಯುವುದು ಬೇರೆ. ಕೊಳೆಯನ್ನು ಒರೆಸಬಹುದು. ಸವೆದರೆ ಡ್ರಮ್ಮಿನ ಮೇಲ್ಭಾಗವನ್ನೇ ಬದಲಿಸಬೇಕು, ಅದಕ್ಕೆ ಆಗ ಒಳ್ಳೆಯ ಹಾಲೆಮ್ಮೆಯ ಬೆಲೆ ಬೀಳುತ್ತಿತ್ತು. ಆದ್ದರಿಂದ ಬಾಡಿಗೆ ಮಿಷಿನ್‌ಗಳ ಯಜಮಾನರಿಗೆಲ್ಲ ಒಂದೇ ಭಯ: ರಿಪೇರಿಯವನು ಹೊಸ ಹೆಡ್ ತೋರಿಸಿ ಹಳೆಯದನ್ನು ಕೂರಿಸಿಬಿಟ್ಟರೆ? ಆ ಭಯವೇನೂ ಆಧಾರವಿಲ್ಲದ್ದಲ್ಲ. ಹಾಗೆ ಮಾಡುವವರು ಇದ್ದರು.

ಪಾವಗಡದ ನರಸಿಂಹರೆಡ್ಡಿಯವರ ಹತ್ತಿರ ಮೂರು ಮಿಷಿನ್‌ಗಳಿದ್ದವು. ರಾಜ್ಯದ ಗಡಿಯ ಆಚೆ ಈಚೆ ಎರಡೂ ಕಡೆ ಅವರದೇ ಬಾಡಿಗೆ. ಸಂಕ್ರಾಂತಿ ಕಳೆದ ಮೇಲೆ ಅವರ ಒಂದು ಮಿಷಿನ್ ನನ್ನ ಮೇಜಿಗೆ ಬಂತು. ಹೆಡ್ ಪೂರ್ತಿ ಸವೆದಿತ್ತು. ಬೆಂಗಳೂರಿಗೆ ಹೋಗಿ ಹೊಸದನ್ನು ತಂದು, ಅವರ ಎದುರಿಗೇ ಡಬ್ಬಿ ಒಡೆದು ಹಾಕಿದೆ, ಹಳೆಯದನ್ನು ಅದೇ ಡಬ್ಬಿಯಲ್ಲಿಟ್ಟು ಅವರ ಕೈಗೆ ಕೊಟ್ಟೆ. ಚಿತ್ರ ಕನ್ನಡಿಯಂತೆ ಬಂತು. ಯುಗಾದಿಯ ಹೊತ್ತಿಗೆ ಆ ಮಿಷಿನ್ನಿನಲ್ಲಿ ಚಿತ್ರ ಹೋಯಿತು.

ರೆಡ್ಡಿ ನನ್ನ ಹತ್ತಿರ ಬರಲಿಲ್ಲ. ಮಿಷಿನ್ನನ್ನು ಹಿಂದೂಪುರಕ್ಕೆ ಒಯ್ದರು. ಅಲ್ಲಿನ ಮೆಕ್ಯಾನಿಕ್ ಹೆಡ್ಡಿಗೆ ಹೊಸ ನೋಟು ಉಜ್ಜಿ ನೋಡಿದನಂತೆ. ಆಗ ಹಲವರು ಹಾಗೆ ಮಾಡುತ್ತಿದ್ದರು, ನೋಟಿನ ಕಾಗದ ಗರಿಗರಿಯಾಗಿ ಕೊಳೆ ತೆಗೆಯುತ್ತದೆ ಎಂಬ ನಂಬಿಕೆ. ಚಿತ್ರ ಅರೆಬರೆ ಬಂದು ಮತ್ತೆ ಹೋದಾಗ, ಇದು ಹಳೇ ಹೆಡ್ಡು, ಯಾರೋ ನಿಮಗೆ ಟೋಪಿ ಹಾಕಿದ್ದಾರೆ ಎಂದುಬಿಟ್ಟ. ರೆಡ್ಡಿ ಪಾವಗಡ ಬಸ್ ನಿಲ್ದಾಣದ ಟೀ ಅಂಗಡಿಯಲ್ಲಿ ನಿಂತು, ನನ್ನ ಹೆಸರು ಹಿಡಿದು ಕಳ್ಳ ಎಂದು ಸಾರಿದರು. ಆ ನಿಲ್ದಾಣದಿಂದ ಮಧುಗಿರಿಗೆ ಬರುವ ಬಸ್ಸುಗಳಲ್ಲಿ ಮಾತು ನನಗಿಂತ ಮೊದಲು ಊರು ತಲುಪಿತು. ನಾನು ವಿಷಯ ಕೇಳಿ ಅವರಲ್ಲಿಗೆ ಹೋದಾಗ ಅವರು ಕುರ್ಚಿಯಿಂದ ಏಳಲೂ ಇಲ್ಲ.

“ಏಮಯ್ಯಾ ಬಿಯೆಸ್ಸಿ, ನನ್ನ ಹೆಡ್ಡು ಎಕ್ಕಡ ಅಮ್ಮಿನಾವು, ಎಲ್ಲಿ ಮಾರ್ದೆ? ಯಾವೂರಿನ ಮಿಷಿನ್ನಾಗೆ ತಿರುಗ್ತಾ ಐತೆ ಹೇಳು, ಟಿಕೆಟ್ ತಗಂಡು ಹೋಗಿ ನೋಡ್ಕಂಡು ಬರ್ತೀನಿ.”

ಮಿಷಿನ್ ಕೊಡಿ, ಇಲ್ಲೇ ನಿಮ್ಮೆದುರಿಗೇ ಬಿಚ್ಚಿ ತೋರಿಸುತ್ತೇನೆ ಎಂದೆ. ನನ್ನ ಕೈಗೆ ಇನ್ನೊಂದು ಸಲ ಮಿಷಿನ್ ಕೊಡಲು ತಮಗೇನು ತಲೆ ಕೆಟ್ಟಿಲ್ಲ ಎಂದರು. ಹೊಸ ಹೆಡ್ ತಂದು ಬಿಟ್ಟಿಯಾಗಿ ಕೊಡು, ಹಿಂದೂಪುರದವನ ಕೈಲಿ ಹಾಕಿಸಿಕೊಳ್ಳುತ್ತೇನೆ, ಇಲ್ಲವಾದರೆ ಈ ಕಡೆ ಮುಖ ಹಾಕಬೇಡ. ಕೊಡುವುದಿಲ್ಲ ಎಂದು ಹೇಳಿ ಬಂದೆ.

ಅದಾದ ಮೇಲೆ ನನ್ನ ಮೇಜು ಖಾಲಿಯಾಗುತ್ತ ಬಂತು. ರಿಪೇರಿಗೆ ಕೊಟ್ಟವರು ಅರ್ಧಕ್ಕೇ ವಾಪಸ್ಸು ಒಯ್ದರು. ಕೆಲವರು ಮಿಷಿನ್ ಬಿಚ್ಚುವಾಗ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತು, ನನ್ನ ಕೈಯನ್ನೇ ನೋಡುತ್ತಿದ್ದರು. ಮಳಿಗೆಯ ಮಾಲೀಕರು, ಇನ್ನೊಬ್ಬರು ಬೀಜದ ಅಂಗಡಿಗೆ ಜಾಗ ಕೇಳುತ್ತಿದ್ದಾರೆ ಎಂದು ನನಗೆ ಕೇಳಿಸುವಂತೆ ಹೇಳತೊಡಗಿದರು. ಆ ಬೇಸಿಗೆಯೊಳಗೆ ಕಳ್ಳನೆಂಬ ಹೆಸರು ಅಳಿಯದಿದ್ದರೆ ಅಂಗಡಿ ಮುಚ್ಚಬೇಕಾಗಿತ್ತು. ಅದಕ್ಕಿಂತ ಮುಖ್ಯವಾಗಿ, ಓದಿದರೆ ಏನಾಗುತ್ತದೆ ನೋಡಿದಿರಾ ಎಂದು ನಮ್ಮ ಹಟ್ಟಿಯವರಿಗೆ ತೋರಿಸಲು ನಾನೇ ಒಂದು ಉದಾಹರಣೆಯಾಗಿಬಿಡುತ್ತಿದ್ದೆ.

ನನ್ನ ಪರವಾಗಿ ಉಳಿದವರು ಒಬ್ಬರೇ, ಶಿರಾದ ಬಾಬಾಜಾನ್. ಒಂದು ವಿ.ಸಿ.ಆರ್., ಒಂದು ಟಿ.ವಿ. ಇಟ್ಟುಕೊಂಡು ಬಾಡಿಗೆ ನಡೆಸುತ್ತಿದ್ದರು. ವಯಸ್ಸಿನಲ್ಲಿ ನನಗಿಂತ ಹಿರಿಯರು, ರೆಡ್ಡಿಗೂ ಹಳೆಯ ಸ್ನೇಹಿತರು. ರಾಜಿಗೆಂದೇ ಒಂದು ದಿನ ಬಂದು ಕೂತರು.

“ನೋಡ್ ಭಾಯ್, ನೀನು ಚೋರ್ ಅಲ್ಲ ಅಂತ ನಂಗೆ ಗೊತ್ತು. ಆದ್ರೂ ಒಂದು ಹೆಡ್ಡು ತಂದ್ಕೊಟ್ಬುಡು. ಬಾಯಿ ಮುಚ್ತಾನೆ. ನಿನ್ ಇಜ್ಜತ್ ಉಳೀತದೆ.”

“ಕೊಟ್ರೆ ಹೋಗೋದೇ ಇಜ್ಜತ್ತು, ಸಾಬ್ರೇ. ಕದ್ದಿದ್ದಕ್ಕೇ ತಂದ್ಕೊಟ್ಟ ಅಂತಾರೆ. ಕಾರಣ ಸಿಗೋ ತನಕ ಆ ಹೆಡ್ ಬದಲಿಸಲ್ಲ.”

ಹಟ್ಟಿಯ ಹಟ ನಿಂದು ಎಂದು ಬೈದು ಎದ್ದು ಹೋದರು. ಹದಿನೈದು ದಿನವೂ ಆಗಿರಲಿಲ್ಲ, ತಮ್ಮ ಮಿಷಿನ್ನನ್ನೇ ರಜಾಯಿ ಸಮೇತ ಹೊತ್ತುಕೊಂಡು ಬಂದರು. ಚಿತ್ರ ಹೋಗಿ ಬರೀ ಮಾತು ಕೇಳುತ್ತಿತ್ತು.

ಮುಚ್ಚಳ ತೆಗೆದು, ಮೆತ್ತನೆಯ ಚರ್ಮದ ತುಂಡಿಗೆ ಸ್ಪಿರಿಟ್ ಹಾಕಿ, ಡ್ರಮ್ಮಿಗೆ ಒತ್ತಿ ಹಿಡಿದು, ಡ್ರಮ್ಮನ್ನು ಮಾತ್ರ ಕೈಯಲ್ಲಿ ತಿರುಗಿಸಿದೆ. ಚರ್ಮವನ್ನು ಮೇಲೆ ಕೆಳಗೆ ಉಜ್ಜಿದರೆ ಹೆಡ್ ಮುರಿಯುತ್ತದೆ, ಒಂದೇ ಕಡೆ ಒತ್ತಿರಬೇಕು. ಚರ್ಮವನ್ನು ಬೆಳಕಿಗೆ ಹಿಡಿದಾಗ ನನಗೆ ಆಶ್ಚರ್ಯವಾಯಿತು. ಸವೆದ ಟೇಪಿನಿಂದ ಉದುರುವ ಪುಡಿ ಕಂದು ಕಪ್ಪು ಬಣ್ಣದ್ದು. ಬೀಡಿ ಹೊಗೆಯದಾದರೆ ಹಳದಿ ಜಿಡ್ಡು. ಇಲ್ಲಿದ್ದದ್ದು ಕೆಂಪು. ಆಯುಧಪೂಜೆಗೆ ಮಿಷಿನ್ನಿಗೆ ಕುಂಕುಮ ಇಟ್ಟಿದ್ದಿರಾ ಎಂದು ಕೇಳಲು ಹೊರಟು, ಯಾರನ್ನು ಕೇಳುತ್ತಿದ್ದೇನೆ ಎಂಬುದು ನೆನಪಾಗಿ ಮಾತನ್ನು ಅರ್ಧಕ್ಕೇ ಬಿಟ್ಟೆ. ಬಾಬಾಜಾನ್ ನಕ್ಕರು. ಚಿತ್ರ ಬಂತು. ಅದೇ ವಾರ ಕೊರಟಗೆರೆಯಿಂದ ಒಂದು ಸೈಕಲ್ ಅಂಗಡಿಯವರ ಮಿಷಿನ್ ಬಂತು. ಅದೇ ಕಾಯಿಲೆ, ಚರ್ಮದ ಮೇಲೆ ಅದೇ ಕೆಂಪು.

ಪುಸ್ತಕದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ನನಗೆ ನೆನಪಾದದ್ದು ನಮ್ಮ ಹಟ್ಟಿ. ಮೂರು ಊರಿನ ಮಂದೆಗಳಿಗೆ ಒಟ್ಟಿಗೇ ಕಜ್ಜಿ ಬಂದರೆ ಅಪ್ಪ ಮೊದಲು ಕೇಳುತ್ತಿದ್ದುದು, ಟಗರು ಯಾರದು ಎಂದು. ಮರಿ ಹಾಕಿಸಲು ಒಂದು ಮಂದೆಯ ಒಳ್ಳೆಯ ಟಗರನ್ನು ಇನ್ನೊಂದು ಮಂದೆಯವರು ಕೇಳಿ ಒಯ್ಯುತ್ತಾರೆ. ಟಗರು ಹೋದಲ್ಲೆಲ್ಲ ಅದರ ಮೈಯ ಕಜ್ಜಿಯೂ ಹೋಗುತ್ತದೆ. ಇಲ್ಲಿ ರೆಡ್ಡಿಯದನ್ನೂ ಸೇರಿಸಿಕೊಂಡರೆ ಮೂರು ತಾಲ್ಲೂಕಿನ ಮೂರು ಮಿಷಿನ್, ಮೂರು ಬೇರೆ ಬೇರೆ ಕಂಪನಿಯವು, ಒಂದರ ಹತ್ತಿರ ಇನ್ನೊಂದು ಹೋದದ್ದಿಲ್ಲ. ಮೂರರೊಳಗೂ ಹೋಗಿ ಬಂದದ್ದು ಏನಾದರೂ ಇದ್ದರೆ ಅದು ಒಂದು ಕ್ಯಾಸೆಟ್ಟೇ ಇರಬೇಕು. ಕುರಿ ಕಾಯುವವನ ಮಗ ಅಂದವರಿಗೆ ಆಮೇಲೆ ಇದನ್ನು ಬೇಕೆಂದೇ ಹೇಳುತ್ತಿದ್ದೆ: ಓದು ನನಗೆ ಹೆಡ್ ತೋರಿಸಿತು, ಮಂದೆ ನನಗೆ ಟಗರು ತೋರಿಸಿತು. ಎರಡೂ ನನ್ನವೇ.

ಚಿತ್ರ ಹೋದ ದಿನ ಯಾವ ಕ್ಯಾಸೆಟ್ ಓಡುತ್ತಿತ್ತು ಎಂದು ಇಬ್ಬರನ್ನೂ ಕೇಳಿದೆ. ಬಾಬಾಜಾನರಿಗೆ ಚೆನ್ನಾಗಿ ನೆನಪಿತ್ತು. ಸಿನಿಮಾ ಕ್ಯಾಸೆಟ್ ತೆಗೆದುಕೊಳ್ಳದೆ ಮಿಷಿನ್ ಮಾತ್ರ ಬಾಡಿಗೆಗೆ ಕೇಳಿದವರು ಅವರಿಗೆ ಅಪರೂಪ. ಕೊಡಿಗೇನಹಳ್ಳಿ ಕಡೆಯ ಒಂದು ಮದುವೆಯ ಕ್ಯಾಸೆಟ್ಟನ್ನು ಹುಡುಗಿಯ ಸೋದರಮಾವನ ಮನೆಯವರು ತಂದಿದ್ದರು. ಕೊರಟಗೆರೆಯವರು ಹೇಳಿದ್ದೂ ಅದೇ ಮದುವೆ. ಪಾವಗಡದಲ್ಲಿ ಕೇಳಲು ನನಗೆ ಬಾಗಿಲಿರಲಿಲ್ಲ. ಬಾಬಾಜಾನ್ ಹೋಗಿ, ರೆಡ್ಡಿಯ ಜೀಪ್ ಡ್ರೈವರನ ಹತ್ತಿರ ಮಾತಾಡಿ ಬಂದರು. ಯುಗಾದಿ ಮುಂಚೆ ನಾಗಲಮಡಿಕೆ ದಾರಿಯ ಒಂದು ಹಳ್ಳಿಯಲ್ಲಿ ಮದುವೆ ಕ್ಯಾಸೆಟ್ ಹಾಕಿದ್ದೆವು, ಅರ್ಧದಲ್ಲಿ ಚಿತ್ರ ಹೋಯಿತು, ಗಂಡಿನ ಅಕ್ಕನ ಮನೆ ಅದು ಎಂದು ಆತ ಹೇಳಿದ್ದ.

ಮರುದಿನವೇ ಹಿಂದೂಪುರದ ಬಸ್ಸು ಹತ್ತಿ ಕೊಡಿಗೇನಹಳ್ಳಿಗೆ ಹೋದೆ. ಹುಡುಗಿಯ ಅಜ್ಜಿ ಗಂಗಮ್ಮ ಜಗಲಿಯ ಮೇಲೆ ಕಡಲೆಕಾಯಿ ಸುಲಿಯುತ್ತಿದ್ದರು. ಮೊಮ್ಮಗಳ ಮದುವೆಯಲ್ಲಿ ಧಾರೆ ಎರೆದವರು ಅವರ ಯಜಮಾನರು. ಮದುವೆಯಾದ ಎರಡು ತಿಂಗಳಿಗೇ ಅವರು ತೀರಿಕೊಂಡಿದ್ದರು. ಮನೆಯಲ್ಲಿ ಅವರದೊಂದು ಫೋಟೋ ಕೂಡ ಇರಲಿಲ್ಲ, ಇದ್ದದ್ದು ಆ ಕ್ಯಾಸೆಟ್ಟೊಂದೇ. ನಾನು ವಿ.ಸಿ.ಆರ್. ರಿಪೇರಿಯವನು ಎಂದ ಕೂಡಲೇ ಆಕೆಯೇ ಮಾತು ತೆಗೆದರು. ಕ್ಯಾಸೆಟ್ ಹಾಕಿದ ಊರಲ್ಲೆಲ್ಲ ಅಜ್ಜನ ಮುಖ ಬರುವ ಹೊತ್ತಿಗೆ ಚಿತ್ರ ಮಾಯವಾಗುತ್ತಿದೆಯಂತೆ. ಹಿರಿಯನಿಗೆ ತಿಥಿ ಸರಿಯಾಗಿ ಮಾಡಿಲ್ಲ, ಅದಕ್ಕೇ ಮುಖ ತೋರಿಸುತ್ತಿಲ್ಲ ಎಂದು ನೆಂಟರು ಗುಸುಗುಸು ಎನ್ನುತ್ತಿದ್ದಾರಂತೆ.

ಕ್ಯಾಸೆಟ್ ಎಲ್ಲಿದೆ ಎಂದೆ. ದೇವರ ಗೂಡಿನಲ್ಲಿತ್ತು. ಮೇಲೆ ಒಂದು ಚೂರೂ ಧೂಳಿಲ್ಲ, ಅಷ್ಟು ಚೊಕ್ಕಟವಾಗಿ ಇಟ್ಟಿದ್ದರು. ಕ್ಯಾಸೆಟ್ಟಿನ ಮುಂದೆ ಒಂದು ರೆಪ್ಪೆಯಂಥ ಮುಚ್ಚಳವಿರುತ್ತದೆ. ಪಕ್ಕದ ಗುಂಡಿ ಒತ್ತಿದರೆ ಅದು ಮೇಲೇಳುತ್ತದೆ, ಹಿಂದೆ ಅಡ್ಡವಾಗಿ ಎಳೆದ ಟೇಪು ಕಾಣುತ್ತದೆ. ಗುಂಡಿ ಒತ್ತಿ ಎತ್ತಿದೆ. ಟೇಪಿನ ಮೇಲೆ ಸಾಲಾಗಿ ಅರಿಸಿನ, ಕುಂಕುಮದ ಬೊಟ್ಟುಗಳು.

ಇದನ್ನು ಯಾರು ಮಾಡಿದ್ದು ಎಂದು ಕೇಳಿದೆ. ನಾನೇ ಎಂದರು. ಪ್ರತಿ ಶುಕ್ರವಾರ. ವಿಡಿಯೋ ತೆಗೆದವನು ಕ್ಯಾಸೆಟ್ ಕೊಡುವಾಗ ಆ ಬಾಗಿಲು ತೆರೆದು, ಇದರೊಳಗೇ ಇದ್ದಾರೆ ನೋಡಿ ಎಂದು ತೋರಿಸಿದ್ದನಂತೆ. ಬಾಗಿಲು ಇದ್ದ ಮೇಲೆ ಹೊಸಿಲು ಇರಲೇಬೇಕು, ಆ ಅಡ್ಡಪಟ್ಟಿಯೇ ಹೊಸಿಲು ಎಂದು ಆಕೆ ತಿಳಿದಿದ್ದರು. ನಮ್ಮ ಕಡೆ ಶುಕ್ರವಾರ ಹೊಸಿಲು ತೊಳೆದು ಅರಿಸಿನ, ಕುಂಕುಮ ಇಡದ ಮನೆಯಿಲ್ಲ. ನೆಂಟರು ಕ್ಯಾಸೆಟ್ಟನ್ನು ಒಂದೊಂದು ಸಲ ಒಂದೊಂದು ಜಾಗದಲ್ಲಿ ನಿಲ್ಲಿಸಿ ವಾಪಸ್ಸು ಕಳಿಸುತ್ತಿದ್ದುದರಿಂದ ಬೊಟ್ಟು ಟೇಪಿನ ಉದ್ದಕ್ಕೂ ಅಲ್ಲಲ್ಲಿ ಬಿದ್ದಿತ್ತು, ಅಜ್ಜನ ಮುಖ ನೋಡಿ ನಿಲ್ಲಿಸಿದವರೇ ಹೆಚ್ಚಾದ್ದರಿಂದ ಆ ಜಾಗದಲ್ಲಿ ದಟ್ಟವಾಗಿತ್ತು, ಪುಡಿ ಒಳಗೆಲ್ಲ ಉದುರಿತ್ತು. ಆ ಹುಡಿ ಡ್ರಮ್ಮಿಗೆ ತಾಗಿದ ಕ್ಷಣವೇ ಹೆಡ್ಡಿನ ಸೀಳು ಮುಚ್ಚುತ್ತದೆ. ಇದನ್ನೆಲ್ಲ ವಿವರಿಸಿ, ಇನ್ನು ಇದಕ್ಕೆ ಕುಂಕುಮ ಇಡಬಾರದು, ನಿಮ್ಮಿಂದ ಮೂರು ಮಿಷಿನ್ ಕೆಟ್ಟು ಕೂತಿವೆ, ನನ್ನ ಹೆಸರು ಮಣ್ಣಾಗಿದೆ ಎಂದು ಸ್ವಲ್ಪ ಜೋರಾಗಿಯೇ ಹೇಳಿದೆ.

ಆಕೆ ಕ್ಯಾಸೆಟ್ಟನ್ನು ನನ್ನ ಕೈಯಿಂದ ತೆಗೆದುಕೊಂಡರು.

“ಹೊಸಿಲಿಗೆ ಈಗ ನಾನು ಇಡಂಗಿಲ್ಲ ಕಣಪ್ಪ, ಸೊಸೆ ಇಡ್ತಾಳೆ. ಹಣೆಗಂತೂ ಇಲ್ವೇ ಇಲ್ಲ. ಇದುಕ್ಕೆ ಇಡ್ಬ್ಯಾಡ ಅಂತ ಮಾತ್ರ ಯಾರೂ ಹೇಳಿರ್ಲಿಲ್ಲ. ನೀನು ಬಂದ್ಬುಟ್ಟೆ ಹೇಳಾಕೆ.”

ನಾನು ದನಿ ತಗ್ಗಿಸಿದೆ. ಒಂದು ಸಲ ಪಾವಗಡಕ್ಕೆ ಕ್ಯಾಸೆಟ್ ಕೊಡಿ, ರೆಡ್ಡಿಯವರ ಮುಂದೆ ತೋರಿಸಿ ತಂದುಕೊಡುತ್ತೇನೆ ಎಂದು ಕೇಳಿಕೊಂಡೆ. ಕ್ಯಾಸೆಟ್ ಕೊಡಲು ಒಪ್ಪಲಿಲ್ಲ. ತಾವೇ ಬರುವುದಾಗಿ ಹೇಳಿದರು. ಮುಖ ತೋರಿಸದೆ ಇರುವುದು ಯಜಮಾನರೋ ಮಿಷಿನ್ನೋ ಎಂಬುದು ಆಕೆಗೂ ತೀರ್ಮಾನವಾಗಬೇಕಿತ್ತು.

ಹೀಗೆ ನಾವು ಮೂವರು, ನಾನು, ಬಾಬಾಜಾನ್, ಸೆರಗಿನಲ್ಲಿ ಕ್ಯಾಸೆಟ್ ಕಟ್ಟಿಕೊಂಡ ಗಂಗಮ್ಮ, ಪಾವಗಡದ ಬಸ್ಸಿನಲ್ಲಿ ಹೋದೆವು. ರೆಡ್ಡಿ ನನ್ನನ್ನು ನೋಡಿ ಮುಖ ತಿರುಗಿಸಿದರೂ, ವಯಸ್ಸಾದ ಹೆಂಗಸು ಬಿಸಿಲಿನಲ್ಲಿ ನಿಂತಿದ್ದರಿಂದ ಅಂಗಡಿಯೊಳಗೆ ಕರೆಯಲೇಬೇಕಾಯಿತು. ನಾನು ಒಂದೇ ಮಾತು ಹೇಳಿದೆ. ಮಿಷಿನ್ ಇದೇ ಮೇಜಿನ ಮೇಲಿರಲಿ, ನಿಮ್ಮೆದುರಿಗೇ ಬಿಚ್ಚುತ್ತೇನೆ. ಒಳಗಿರುವುದು ಸವೆದ ಹೆಡ್ ಆಗಿದ್ದರೆ ಎಷ್ಟು ಒರೆಸಿದರೂ ಚಿತ್ರ ಮಸುಕಾಗಿಯೇ ಬರುತ್ತದೆ, ಆಗ ನಾನು ನಾಳೆಯೇ ಅಂಗಡಿ ಮುಚ್ಚುತ್ತೇನೆ. ಬಾಬಾಜಾನ್, ಇವನಿಗೆ ನಾನು ಜಾಮೀನು ಎಂದರು. ಅಷ್ಟು ಹೊತ್ತಿಗೆ ಟೀ ಅಂಗಡಿಯಿಂದಲೂ ಜನ ಬಂದು ಬಾಗಿಲಲ್ಲಿ ತುಂಬಿಕೊಂಡಿದ್ದರು.

ಬಿಚ್ಚುವಾಗ ನನಗೆ ಒಳಗೊಳಗೇ ಒಂದು ಅಂಜಿಕೆ ಇತ್ತು. ಹಿಂದೂಪುರದವನು ನೋಟು ಉಜ್ಜುವಾಗ ಹೆಡ್ಡಿನ ತುದಿ ಮುರಿದಿದ್ದರೆ ನನ್ನ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಭೂತಗನ್ನಡಿ ಹಿಡಿದು ನೋಡಿದೆ. ಎರಡೂ ತುದಿ ಸರಿಯಾಗಿದ್ದವು. ಚರ್ಮ ಒತ್ತಿ ಡ್ರಮ್ ತಿರುಗಿಸಿ, ಕೆಂಪಾದ ಚರ್ಮವನ್ನು ರೆಡ್ಡಿಯ ಕೈಗೇ ಕೊಟ್ಟೆ. ಅವರು ಬೆಳಕಿಗೆ ಹಿಡಿದರು, ಮೂಸಿದರು. ಅವರದೇ ಒಂದು ಸಿನಿಮಾ ಕ್ಯಾಸೆಟ್ ಹಾಕಿದೆ. ಚಿತ್ರ ಹೊಸ ಹೆಡ್ಡಿನಲ್ಲಿ ಬರುವ ಹಾಗೆ, ಕೂದಲೆಳೆ ಕಾಣುವಷ್ಟು ಸ್ಪಷ್ಟವಾಗಿ ಬಂತು. ಸಾಕಷ್ಟು ಹೊತ್ತು ಓಡಿಸಿದೆ. ಚಿತ್ರ ಅಲುಗಲಿಲ್ಲ.

ಆಮೇಲೆ ಗಂಗಮ್ಮನವರ ಹತ್ತಿರ ಕ್ಯಾಸೆಟ್ ಕೇಳಿದೆ. ಸೆರಗು ಬಿಚ್ಚಿ ಕೊಟ್ಟರು. ಮದುವೆ ಮಂಟಪ ಬಂತು, ಹಸೆ ಬಂತು, ರುಮಾಲು ಸುತ್ತಿದ ಅಜ್ಜ ತಂಬಿಗೆ ಹಿಡಿದು ಧಾರೆ ಎರೆಯಲು ಮುಂದೆ ಬಂದರು. ಅವರು ತಂಬಿಗೆ ಬಗ್ಗಿಸುತ್ತಿದ್ದಂತೆ ಒಂದು ಸಲ ಚಿತ್ರ ಅದುರಿತು, ಪರದೆ ಪೂರ್ತಿ ಬಿಳಿ ಚುಕ್ಕೆಗಳಾಯಿತು. ವಾಲಗದ ಸದ್ದು ಮಾತ್ರ ನಿಲ್ಲದೆ ಬರುತ್ತಿತ್ತು.

ಮುಚ್ಚಳ ತೆರೆದು ಡ್ರಮ್ಮನ್ನು ಮತ್ತೆ ಒರೆಸಿದೆ. ಚರ್ಮ ಮತ್ತೆ ಕೆಂಪಾಯಿತು.

ರೆಡ್ಡಿಗೆ ಈಗ ಸಿಟ್ಟು ಕ್ಯಾಸೆಟ್ಟಿನ ಮೇಲೆ ತಿರುಗಿತು. ಈ ದರಿದ್ರವನ್ನು ಒಲೆಗೆ ಹಾಕಿ, ಇನ್ನು ನನ್ನ ಯಾವ ಮಿಷಿನ್ನಿಗೂ ಇದು ಬರಕೂಡದು ಎಂದರು. ಗಂಗಮ್ಮ ಅವರನ್ನು ನೇರವಾಗಿ ನೋಡಿದರು.

“ಅವ್ರನ್ನ ಒಲೆಗೆ ಒಂದು ಸಲ ಹಾಕಾಯ್ತು ಕಣಪ್ಪ ರೆಡ್ಡಿ. ಎರಡು ಸಲ ಹಾಕಲ್ಲ.”

ರೆಡ್ಡಿ ತಲೆ ತಗ್ಗಿಸಿ, ಆಕೆಗೆ ಕುರ್ಚಿ ತರಿಸಿ ಕೂರಿಸಿದರು. ಆಮೇಲೆ ನನ್ನ ಕಡೆ ತಿರುಗಿ, ಉಳಿದ ಎರಡು ಮಿಷಿನ್‌ಗಳನ್ನೂ ಒಮ್ಮೆ ನೋಡಿಬಿಡು ಎಂದರು. ಹಾಗೆಂದರೆ ತಪ್ಪಾಯಿತು ಎಂದೇ ಅರ್ಥ, ಒಪ್ಪಿಕೋ ಎಂದು ಬಾಬಾಜಾನ್ ಕಣ್ಣಲ್ಲೇ ಸನ್ನೆ ಮಾಡಿದರು. ನಾನು ಒಪ್ಪಲಿಲ್ಲ.

“ನೋಡ್ತೀನಿ ರೆಡ್ಡಿಗಾರು. ಕಳ್ಳ ಅಂದಿದ್ದು ಈ ಮೇಜಿನ ಹತ್ರ ಅಲ್ಲ, ಟೀ ಅಂಗ್ಡೀಲಿ. ಮೊದ್ಲು ಅಲ್ಲಿಗೆ ಹೋಗೋಣ ಬನ್ನಿ.”

ಅವರ ಮುಖ ಕೆಂಪಾಯಿತು. ಇವತ್ತಿಗೂ ಆ ಕ್ಷಣ ನನ್ನ ಕಣ್ಣ ಮುಂದಿದೆ. ಅವರು ಬೈದು ಅಟ್ಟಿದ್ದರೂ ನಾನು ಇನ್ನೇನೂ ಮಾಡುವಂತಿರಲಿಲ್ಲ. ಆದರೆ ಎದ್ದರು, ಹೆಗಲ ಮೇಲೆ ಟವೆಲ್ ಹಾಕಿಕೊಂಡರು, ರಸ್ತೆ ದಾಟಿ ಟೀ ಅಂಗಡಿಗೆ ಬಂದರು. ಅಲ್ಲಿ ಕೂತಿದ್ದವರಿಗೂ ನಿಂತಿದ್ದ ಬಸ್ಸಿನ ಕಂಡಕ್ಟರಿಗೂ ಕೇಳುವಂತೆ ಹೇಳಿದರು.

“ಈಯನ ದೊಂಗ ಕಾದು. ಕಳ್ಳ ಅಂದಿದ್ದು ನಂದೇ ತಪ್ಪು. ಹೆಡ್ಡು ಹೊಸದೇ ಐತೆ.”

ಆ ಮಾತೂ ಬಸ್ಸಿನಲ್ಲಿಯೇ ಮಧುಗಿರಿಗೆ ಬಂತು. ಬೀಜದ ಅಂಗಡಿಯ ಸುದ್ದಿ ತಾನಾಗಿಯೇ ನಿಂತಿತು.

ಇನ್ನು ಉಳಿದದ್ದು ಕ್ಯಾಸೆಟ್. ಅದನ್ನು ನನ್ನ ಅಂಗಡಿಗೆ ತಂದು, ಚಿಪ್ಪು ಬಿಚ್ಚಿ, ಟೇಪಿನ ಎರಡು ಸುರುಳಿಗಳನ್ನೂ ಹೊರಗೆ ತೆಗೆದೆ. ಟೇಪನ್ನು ಒಣ ಚರ್ಮದ ಮಡಿಕೆಯ ನಡುವೆ ಹಾಯಿಸುತ್ತ, ಒಂದು ಸುರುಳಿಯಿಂದ ಇನ್ನೊಂದಕ್ಕೆ ಕೈಯಲ್ಲೇ ಸುತ್ತಿದೆ. ಎರಡು ದಿನದ ಕೆಲಸವಾಯಿತು. ಕುಂಕುಮ ಅಂಟಿಕೊಂಡ ಕಡೆ ಅಲ್ಲಲ್ಲಿ ಕಲೆ ಉಳಿಯಿತು, ಅಲ್ಲಿ ಚಿತ್ರದಲ್ಲಿ ಕ್ಷಣಕಾಲ ಮಿಂಚು ಹೊಡೆದಂತೆ ಬರುತ್ತಿತ್ತು, ಅಷ್ಟೇ. ಹೊಸ ಚಿಪ್ಪಿನಲ್ಲಿ ಕೂರಿಸಿದೆ. ಆಮೇಲೆ ಬಾಬಾಜಾನರ ಮಿಷಿನ್ನಿನಲ್ಲಿ ಅದನ್ನು ಓಡಿಸಿ, ಅದರ ಚಿತ್ರದ ವೈರು, ಧ್ವನಿಯ ವೈರು ಎರಡನ್ನೂ ರೆಡ್ಡಿಯ ಮಿಷಿನ್ನಿಗೆ ಕೊಟ್ಟು, ಖಾಲಿ ಕ್ಯಾಸೆಟ್ಟಿಗೆ ಒಂದು ನಕಲು ತೆಗೆದೆ. ರೆಡ್ಡಿ ತಾವಾಗಿಯೇ ಮಿಷಿನ್ ಕಳಿಸಿಕೊಟ್ಟಿದ್ದರು.

ಗಂಗಮ್ಮ ಮಗನ ಜೊತೆ ಬಂದು ಅಂಗಡಿಯಲ್ಲೇ ಕೂತು ನೋಡಿದರು. ಧಾರೆ ಎರೆಯುವ ಜಾಗದಲ್ಲಿ ಅಜ್ಜನ ಮುಖ ನಿಂತಿತು. ತಂಬಿಗೆ ಬಗ್ಗಿತು, ನೀರು ಬಿತ್ತು, ಅಜ್ಜ ತಲೆಯೆತ್ತಿ ಯಾರನ್ನೋ ನೋಡಿ ನಕ್ಕರು. ಆಕೆ ಇನ್ನೊಂದು ಸಲ ಹಾಕು ಎನ್ನಲಿಲ್ಲ. ನೆಂಟರಿಗೆಲ್ಲ ತೋರಿಸು ಎಂದು ಮಗನಿಗೆ ಹೇಳಿದರು.

ನಾನು ನಿಯಮ ಹೇಳಿದೆ. ನಕಲಿನಲ್ಲಿ ಚಿತ್ರ ಸ್ವಲ್ಪ ಮೆತ್ತಗಾಗಿರುತ್ತದೆ, ಆದ್ದರಿಂದ ಅಸಲನ್ನು ಚೊಕ್ಕಟವಾಗಿ ಇಟ್ಟು, ಪೂಜೆಗೆ ನಕಲು ಇಟ್ಟುಕೊಳ್ಳಿ. ಆಕೆ ಎರಡನ್ನೂ ಎರಡು ಕೈಯಲ್ಲಿ ಹಿಡಿದು ಯೋಚಿಸಿದರು.

“ಊರೂರು ಸುತ್ತಾಕೆ ನಕಲು ಸಾಕು. ಅಸಲು ನಂದು. ಇದನ್ನ ಇನ್ಯಾವ ಮಿಷಿನ್ಗೂ ಹಾಕಾಕೆ ಬುಡಲ್ಲ. ಈಗ ಇಡಬೌದೇನಪ್ಪ?”

ನಾನು ಓದಿದ್ದು, ಬೆಂಗಳೂರಿನಲ್ಲಿ ಕಲಿತದ್ದು, ಎಲ್ಲವೂ ಬೇಡ ಎನ್ನುತ್ತಿತ್ತು.

“ಇಡಿ, ಅವ್ವ,” ಎಂದೆ.

ಆಮೇಲೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಇದೇ ಕೆಲಸ ಮಾಡಿದೆ. ನನ್ನ ಕೈ ಕೆಳಗೆ ಕಲಿತವರಿಗೆಲ್ಲ ಒಂದನ್ನು ಹೇಳಿಕೊಟ್ಟೆ. ಅಂದು ನಾನು ತಗ್ಗಿ ಒಂದು ಹೊಸ ಹೆಡ್ ಕೊಟ್ಟಿದ್ದರೆ, ಅದೂ ಆ ಕ್ಯಾಸೆಟ್ ಹಾಕಿದ ಮುಂದಿನ ಮನೆಯಲ್ಲಿ ಕೆಟ್ಟು ಕೂರುತ್ತಿತ್ತು, ನಾನೂ ಕಳ್ಳನಾಗಿಯೇ ಉಳಿಯುತ್ತಿದ್ದೆ, ಆ ಅಜ್ಜ ಊರೂರಿನಲ್ಲಿ ಮುಖ ಮುಚ್ಚಿಕೊಳ್ಳುತ್ತಲೇ ಇರುತ್ತಿದ್ದರು. ಕಾರಣ ಸಿಗದೆ ಬಿಡಿಭಾಗ ಬದಲಿಸುವುದು, ತಪ್ಪು ಮಾಡದೆ ತಪ್ಪೊಪ್ಪಿಕೊಳ್ಳುವುದು, ಎರಡೂ ಒಂದೇ ಜಾತಿಯ ಕೆಲಸ. ಎರಡರಿಂದಲೂ ಆ ಹೊತ್ತಿಗೆ ಗಲಾಟೆ ನಿಲ್ಲುತ್ತದೆ, ರೋಗ ಮಾತ್ರ ಒಳಗೇ ಇರುತ್ತದೆ. ಕಾರಣ ಹುಡುಕಿಕೊಂಡು ಹೋಗಬೇಕು, ಅದು ಯಾರ ಮನೆಯ ದೇವರ ಗೂಡಿನಲ್ಲಿದ್ದರೂ. ಅಲ್ಲಿಗೆ ಹೋದಾಗ ಚಪ್ಪಲಿ ಹೊರಗೆ ಬಿಟ್ಟು, ದನಿ ತಗ್ಗಿಸಿ ಮಾತಾಡಬೇಕು. ಮೊದಲನೆಯದು ನನಗೆ ಹುಟ್ಟಿನಿಂದಲೇ ಬರುತ್ತಿತ್ತು. ಎರಡನೆಯದನ್ನು ಕೊಡಿಗೇನಹಳ್ಳಿಯಲ್ಲಿ ಕಲಿತೆ.